ಕೂರದ ಮಾವ ಊಟಿಗೆ ಹೋದದ್ದು

ನಮ್ಮ ಸೋದರಮಾವ ಕುಳಿತದ್ದನ್ನು ಕಣ್ಣಾರೆ ಕಂಡವರು ನಮ್ಮ ಕುಲದಲ್ಲಿ ಯಾರೂ ಇರಲಿಲ್ಲ! ಉತ್ಪ್ರೇಕ್ಷೆ ಎನ್ನಿಸಿದರೆ ಗುರುಪುರಕ್ಕೆ ಬಂದು ವಿಚಾರಿಸಿ. ಮಾವನ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳಿವೆ, ಮಂಚವಿದೆ, ಮಗ ಹಟಮಾಡಿ ತಂದ ಸೋಫಾ ಕೂಡ ಇದೆ. ಅವೆಲ್ಲ ಬಂದವರಿಗೆ, ಹೋದವರಿಗೆ, ಮತ್ತು ಬೆಕ್ಕಿಗೆ. ಮಾವ ಊಟ ಮಾಡುವುದು ಅಡುಗೆಮನೆಯ ಬಾಗಿಲಿಗೆ ಒರಗಿ, ತಟ್ಟೆ ಎಡಗೈಯಲ್ಲಿ ಹಿಡಿದು, ನಿಂತೇ. ಕೇಳಿದರೆ, "ನಿಂತ್ಕಂಡ್ ನುಂಗುದ್ರೆ ಮುದ್ದೆ ನೆಟ್ಟಗೆ ಇಳೀತದೆ ಕಣವ್ವ" ಎನ್ನುತ್ತಾರೆ. ಈ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಮುದ್ದೆಯಂತೂ ಇಳಿಯುತ್ತದೆ.

ಕೂರದ ಮನುಷ್ಯ ಸುಮ್ಮನೆ ನಿಲ್ಲುತ್ತಾನೆಯೇ? ಕೆಲಸ ಹುಡುಕುತ್ತಾನೆ. ಸಿಗದಿದ್ದರೆ ಬೇರೆಯವರ ಕೆಲಸ ಕಿತ್ತುಕೊಳ್ಳುತ್ತಾನೆ. ಮದುವೆಮನೆಗೆ ಹೋದರೆ ಮಾವ ವಧೂವರರ ಮುಖವನ್ನೇ ನೋಡುವುದಿಲ್ಲ. ಟವೆಲನ್ನು ಸೊಂಟಕ್ಕೆ ಬಿಗಿದು ಸಾಂಬಾರಿನ ಬಕೆಟ್ಟಿಗೆ ಕೈಹಾಕಿಬಿಡುತ್ತಾರೆ. ಒಮ್ಮೆ ಹುಣಸೂರಿನಲ್ಲಿ ಹೀಗೆಯೇ ಮೂರು ಪಂಕ್ತಿಗೆ ಬಡಿಸಿ, "ಇನ್ನೊಸಿ ಆಕುಸ್ಕಳಿ, ನಾಚ್ಕೋಬ್ಯಾಡಿ" ಎಂದು ಎಲ್ಲರನ್ನೂ ಉಪಚರಿಸಿ, ಬೆವರು ಒರೆಸಿಕೊಳ್ಳುವಾಗ ಗೊತ್ತಾಯಿತು: ನಮ್ಮ ಮದುವೆ ಪಕ್ಕದ ಛತ್ರದಲ್ಲಿತ್ತು! ಈ ಛತ್ರದವರು ಮಾತ್ರ ಹೋಗುವಾಗ ಅವರಿಗೆ ತಾಂಬೂಲ ಕೊಟ್ಟು, "ಗಂಡಿನ ಕಡೇರು ನೀವು, ಇಷ್ಟೊಂದು ದಣ್ಕೊಬಾರ್ದಿತ್ತು" ಅಂದರಂತೆ.

ಇಂಥ ಗಂಡನನ್ನು ಕಟ್ಟಿಕೊಂಡ ನಮ್ಮ ಅತ್ತೆ ಮಾತು ಕಡಿಮೆಯ ಹೆಂಗಸು. ಮದುವೆಯ ಹೊಸದರಲ್ಲಿ ಮಾವ ಅವರಿಗೆ ಒಂದು ಮಾತು ಕೊಟ್ಟಿದ್ದರಂತೆ: "ಊಟಿಗ್ ಕರ್ಕೊಂಡೋಗ್ತೀನಿ, ಕೆರೇಲಿ ದೋಣಿ ಮ್ಯಾಲೆ ಕೂರುಸ್ತೀನಿ." ಆ ವರ್ಷ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಕುಸಿಯಿತು. ಮರುವರ್ಷ ಹಸುವಿಗೆ ದಿನ ತುಂಬಿತ್ತು. ಅದರ ಮರುವರ್ಷ ಅತ್ತೆಗೆ. ಅದರಾಚೆಯ ವರ್ಷ ಇಬ್ಬರಿಗೂ! ಹೀಗೆ ಊಟಿ ಪ್ರತಿವರ್ಷ ಒಂದೊಂದು ಬೆಟ್ಟ ಹಿಂದಕ್ಕೆ ಸರಿಯುತ್ತ, ಮಕ್ಕಳು ದೊಡ್ಡವರಾಗಿ, ಅವರಿಗೂ ಮಕ್ಕಳಾದವು. ಕಳೆದ ಜನವರಿಯಲ್ಲಿ ಸೊಪ್ಪೆಲ್ಲ ಮಾರಾಟವಾಗಿ ಮನೆ ಹಗುರಾಗಿದ್ದಾಗ, ಎಚ್.ಡಿ. ಕೋಟೆಗೆ ಕೊಟ್ಟ ಮಗಳು ಬಂದು, "ಅವ್ವ, ನಿಂಗೇನ್ ಬೇಕು ಕೇಳು, ಈ ಸಲ ಕೊಡುಸ್ತೀನಿ" ಎಂದಳು. ಸೀರೆಯೋ ಓಲೆಯೋ ಕೇಳುತ್ತಾರೆಂದು ನಾವು ಕಾದರೆ ಅತ್ತೆ ಅಕ್ಕಿ ಆರಿಸುತ್ತಲೇ, "ನಿಮ್ಮಪ್ಪನ್ ಜೊತೇಲಿ ದೋಣಿ ಮ್ಯಾಲೆ ಕೂರ್ಬೇಕು" ಎಂದರು.

ನಾವು ನಕ್ಕೆವು. ಅತ್ತೆ ನಗಲಿಲ್ಲ.

ಹಸುಗಳಿಗೆ ಮಗನನ್ನು ಕಾವಲಿಟ್ಟು, ಒಂದು ಟಿ.ಟಿ. ಗಾಡಿ ಮಾಡಿಕೊಂಡು, ಮಾವ, ಅತ್ತೆ, ಅವರ ಮಗಳು ಅಳಿಯ, ಮೊಮ್ಮಕ್ಕಳು, ಬಿಳಿಕೆರೆಯಿಂದ ನಾನು, ಎಲ್ಲರೂ ಹೊರಟೆವು. ಗಾಡಿಯಲ್ಲಿ ಎಲ್ಲರಿಗೂ ಸೀಟಿತ್ತು. ಅತ್ತೆಯ ಪಕ್ಕದ ಸೀಟು ಮಾವನದು. ಮಾವ ಬಾಗಿಲಲ್ಲಿ ನಿಂತರು! "ರೈಟ್... ರೈಟ್... ಓಲ್ಡಾನ್!" ಎಂದು ಗಾಡಿಯ ಪಕ್ಕೆಗೆ ಬಡಿಯುತ್ತ ಡ್ರೈವರಿಗೆ ದಾರಿ ತೋರಿಸತೊಡಗಿದರು. ಡ್ರೈವರು ಸಹನೆಯ ಹುಡುಗ. "ಯಜಮಾನ್ರೇ, ನೀವೊಸಿ ಕೂತ್ಕಂಡ್ರೆ ನಂಗೆ ಕನ್ನಡಿ ಕಾಣ್ತದೆ" ಎಂದ. "ಕನ್ನಡಿ ಯಾಕ್ಲಾ, ನಾನೇ ಏಳ್ತಾ ಇವ್ನಲ್ಲ!" ಎಂದರು ಮಾವ. ಎಚ್.ಡಿ. ಕೋಟೆ ದಾಟಿದ ಮೇಲೆ ಗಾಡಿ ಎಲ್ಲೋ ಒಂದೆರಡು ಕಡೆ ನಿಂತು ಹೊರಟಂತಾಯಿತು; ತೂಕಡಿಸುತ್ತಿದ್ದ ನಾವು ಗಮನಿಸಲಿಲ್ಲ. ಗುಂಡ್ಲುಪೇಟೆ ಬಂದಾಗ ನಮ್ಮ ಬಾಡಿಗೆ ಗಾಡಿಯಿಂದ ನಮಗೆ ಗೊತ್ತೇ ಇಲ್ಲದ ಇಬ್ಬರು ಹೆಂಗಸರು, ಒಂದು ಬಾಳೆಗೊನೆ ಸಮೇತ ಇಳಿದು, "ಬತ್ತೀವಿ ಕಂಡಕ್ಟ್ರೇ" ಎಂದು ಮಾವನಿಗೆ ಹೇಳಿ ಹೋದರು.

ಊಟಿಯಲ್ಲಿ ಚಳಿಯೋ ಚಳಿ. ಮಾವನ ತಲೆಗೆ ಮಂಕಿ ಕ್ಯಾಪ್ ಏರಿಸಿ, ಮೊದಲು ಹೂತೋಟಕ್ಕೆ ಕರೆದೊಯ್ದೆವು. ಆಹಾ, ಎಂಥ ಹುಲ್ಲುಹಾಸು, ಎಂಥೆಂಥ ಹೂವು! ಮಕ್ಕಳು ಇಳಿಜಾರಿನಲ್ಲಿ ಉರುಳುತ್ತಿದ್ದವು. ಎಷ್ಟೋ ಜೋಡಿಗಳು ಹೂವಿನ ಮುಂದೆ ಒತ್ತಿಕೊಂಡು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಒಂದು ಹೂವಿನ ಮಡಿಯ ಮುಂದೆ ಹೋಗಿ ನಿಂತರು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಂತರು. "ಮಾವ ಎಲ್ಲಿ?" ಎಂದು ನಾವು ಸುತ್ತ ನೋಡುವಷ್ಟರಲ್ಲಿ ಹಿಂದಿನಿಂದ ಒಂದು ಆರ್ತನಾದ ಕೇಳಿಸಿತು.

"ಐಯ್ಯೋ ಸಾಮೀ! ಏನು ಮಾಡ್ತೀರಿ ಸಾಮೀ!"

ತೋಟದ ಮಾಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಅವನೆದುರು ನಮ್ಮ ಮಾವ, ಪಂಚೆ ಎತ್ತಿಕಟ್ಟಿ, ಎರಡು ಹಿಡಿ ತುಂಬ ಗಿಡ ಕಿತ್ತುಕೊಂಡು ಹಸನ್ಮುಖರಾಗಿ ನಿಂತಿದ್ದರು. "ಏನಯ್ಯಾ, ಇಂಗ್ ಕಳೆ ಬೆಳುಸ್ಬುಟ್ಟಿದ್ದೀಯಲ್ಲ, ನೋಡಾಕ್ ಆಗ್ನಿಲ್ಲ. ಅದುಕ್ಕೆ ಒಂದ್ ಸಾಲು ಕಿತ್ಕೊಟ್ಟೆ."

"ಅದು ಕಳೆ ಇಲ್ಲ ಸಾಮೀ! ಫಾರಿನ್ ಗಿಡ! ಬರೋ ತಿಂಗಳು ಹೂ ಬಿಡೋದು!"

ಮಾವ ಕೈಯಲ್ಲಿದ್ದ ಫಾರಿನ್ನನ್ನು ತಿರುಗಿಸಿ ಮುರುಗಿಸಿ ನೋಡಿದರು. ಮೂಸಿದರು. "ನಮ್ಮೂರಲ್ಲಿ ಇದ್ನ ಎಮ್ಮೆನೂ ಮುಟ್ಟಾಕಿಲ್ಲ ಕಣಯ್ಯಾ!" ಎಂದರು. ಆಮೇಲೆ ಏನಾಯಿತು ಅಂತೀರಿ? ಕಿತ್ತದ್ದನ್ನೆಲ್ಲ ಮತ್ತೆ ನೆಡಬೇಕಾಯಿತು. ಮಾಲಿ ಬೈಯುತ್ತ ಗುಣಿ ತೋಡಿದ, ಮಾವ ಒಪ್ಪಿಕೊಳ್ಳುತ್ತ ನೆಟ್ಟರು. ಬುಡಕ್ಕೆ ನೀರು ಹುಯ್ಯುವ ಹೊತ್ತಿಗೆ ಇಬ್ಬರೂ ಬೀಡಿ ಹಂಚಿಕೊಳ್ಳುವಷ್ಟು ಸ್ನೇಹಿತರಾಗಿದ್ದರು. ಆ ದಿನದ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ. ಮುಂದೆ ಅತ್ತೆ ಒಬ್ಬರೇ ನಿಂತಿದ್ದಾರೆ. ಬಹಳ ಹಿಂದೆ, ಬಣ್ಣಬಣ್ಣದ ಹೂಗಳ ನಡುವೆ, ಬಗ್ಗಿದ ಒಂದು ಬೆನ್ನು.

ಮಧ್ಯಾಹ್ನ ಮಕ್ಕಳ ಆಸೆಯ ಪುಟಾಣಿ ರೈಲು. ಊಟಿಯಿಂದ ಕೂನೂರಿಗೆ ನಾವು ರೈಲಿನಲ್ಲಿ ಹೋಗುವುದು, ಡ್ರೈವರು ಖಾಲಿ ಗಾಡಿಯನ್ನು ರಸ್ತೆಯಲ್ಲಿ ತಂದು ಅಲ್ಲಿ ನಮ್ಮನ್ನು ಹತ್ತಿಸಿಕೊಳ್ಳುವುದು ಎಂದು ಮಾತಾಗಿತ್ತು. ಅತ್ತೆ ಕಿಟಕಿಯ ಪಕ್ಕ ಕುಳಿತು, ಮಾವನ ಟವೆಲನ್ನು ಪಕ್ಕದ ಸೀಟಿಗೆ ಹಾಸಿ ಜಾಗ ಹಿಡಿದರು. ಮಾವ ಹತ್ತಿದರು. ನಿಂತರು. ರೈಲೂ ಹೊರಟಿತು. "ಕೂತ್ಕಳಿ" ಎಂದರು ಅತ್ತೆ. "ಕೂರ್ತೀನಿ, ಒಸಿ ತಡಿ" ಎಂದರು ಮಾವ. ಕಿಟಕಿಯಾಚೆ ಟೀ ತೋಟಗಳು ಹಸಿರು ಕಂಬಳಿ ಹಾಸಿದಂತೆ ಹಾದುಹೋಗುತ್ತಿದ್ದವು. ಸುರಂಗ ಬಂದಾಗ ಮಕ್ಕಳು ಓ ಎಂದು ಕಿರುಚಿದವು. ಅತ್ತೆಯ ಕೈ ಮಾತ್ರ ಆ ಟವೆಲಿನ ಮೇಲೆಯೇ ಇತ್ತು.

ನಡುವೆ ಒಂದು ಪುಟ್ಟ ಸ್ಟೇಷನ್ನು. ವಯಸ್ಸಾದ ದಂಪತಿ ದೊಡ್ಡ ಪೆಟ್ಟಿಗೆಯೊಂದನ್ನು ಇಳಿಸಲಾರದೆ ಒದ್ದಾಡುತ್ತಿದ್ದರು. ನಮ್ಮ ಮಾವ ಸುಮ್ಮನಿರುತ್ತಾರೆಯೇ? ಪೆಟ್ಟಿಗೆಯನ್ನು ಹೆಗಲಿಗೇರಿಸಿ ಇಳಿದೇಬಿಟ್ಟರು. ಇಳಿಸಿ ಬಂದಿದ್ದರೆ ಸರಿಹೋಗುತ್ತಿತ್ತು. ಸ್ಟೇಷನ್ನಿನ ಹೊರಗಿನ ಆಟೋವರೆಗೂ ಹೊತ್ತುಕೊಂಡು ಹೋದರು! ರೈಲು ಕೂಗಿತು. ನಾವೂ ಕೂಗಿದೆವು. ರೈಲಿಗೆ ನಮ್ಮ ಮಾವನ ಪರಿಚಯವಿರಲಿಲ್ಲವಲ್ಲ, ಹೊರಟುಬಿಟ್ಟಿತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಗಳು ಫೋನು ಮಾಡಿದಳು, ಡ್ರೈವರು ದಾರಿಯಲ್ಲಿ ಅವರನ್ನು ಹತ್ತಿಸಿಕೊಂಡ. ರೈಲಿಗಿಂತ ರಸ್ತೆ ಚುರುಕು. ನಾವು ಕೂನೂರಿನಲ್ಲಿ ಇಳಿದರೆ ಮಾವ ಪ್ಲಾಟ್‌ಫಾರಮ್ಮಿನಲ್ಲಿ ನಿಂತು ಹಲ್ಲು ಬಿಡುತ್ತಿದ್ದರು. "ಎಂಗೆ! ನಿಮ್ಗಿಂತ ಮುಂಚೆ ಬಂದ್ಬುಟ್ಟೆ!"

ಅತ್ತೆ ಇಳಿದು, ಟವೆಲನ್ನು ನೀಟಾಗಿ ಮಡಿಸಿ ಅವರ ಕೈಗಿಟ್ಟು, ಮುಖ ನೋಡದೆ ಮುಂದೆ ನಡೆದರು. ಕಡೆಯವರೆಗೂ ಆ ಸೀಟಿನಲ್ಲಿ ಅವರು ಬೇರೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ನಮ್ಮ ನಗು ಅಲ್ಲಿಗೆ ನಿಂತಿತು.

ಮರುದಿನ ಬೆಳಿಗ್ಗೆ ಊಟಿಯ ಕೆರೆಯ ದಂಡೆಗೆ ಹೋದೆವು. ದೋಣಿಗಳು ಬಾತುಕೋಳಿಗಳಂತೆ ಸಾಲಾಗಿ ನಿಂತಿದ್ದವು. ಅತ್ತೆ ದೂರದ ಕಟ್ಟೆಯೊಂದರಲ್ಲಿ ಕುಳಿತು, "ನೀವೆಲ್ಲ ಓಗ್ಬನ್ನಿ, ನಂಗೇನೂ ಬ್ಯಾಡ" ಎಂದುಬಿಟ್ಟರು. ಯಾವ ದೋಣಿಗಾಗಿ ಇಷ್ಟು ದೂರ ಬಂದದ್ದೋ ಅದೇ ಬೇಡ! ಮಗಳು ಕರೆದಳು, ಮೊಮ್ಮಕ್ಕಳು ಎಳೆದವು. ಅತ್ತೆ ಅಲುಗಲಿಲ್ಲ.

ಮಾವ ಕುದುರೆಯವನೊಬ್ಬನಿಗೆ ಲಗಾಮು ಬಿಗಿಯಲು ನೆರವಾಗುತ್ತಿದ್ದರು. ನಾನು ಹೋಗಿ ಕೈಹಿಡಿದು ಪಕ್ಕಕ್ಕೆ ಕರೆದೆ.

"ಮಾವ, ಅತ್ತೆ ನಿನ್ನೆಯಿಂದ ಮಾತಾಡ್ತಿಲ್ಲ, ಗೊತ್ತಾ?"

"ಅವ್ಳು ಯಾವತ್ ಮಾತಾಡ್ತಿದ್ಲು ಬುಡು!"

"ಅವರಿಗೆ ಊಟಿ ಬೇಕಾಗಿರಲಿಲ್ಲ ಮಾವ. ನೀವು ಒಂದು ಗಳಿಗೆ ಪಕ್ಕದಲ್ಲಿ ಕೂರಬೇಕಾಗಿತ್ತು. ಅಷ್ಟೇ ಕೇಳಿದ್ದು ಅವರು. ಕೂರೋಕೇನು ಕಷ್ಟ ನಿಮಗೆ?"

ಏನಾದರೂ ತಮಾಷೆ ಹಾರಿಸುತ್ತಾರೆಂದುಕೊಂಡಿದ್ದೆ. ಮಾವ ಮಂಕಿ ಕ್ಯಾಪ್ ತೆಗೆದು ತಲೆ ಸವರಿಕೊಂಡರು.

"ನಮ್ಮಪ್ಪ ಇದ್ನಲ್ಲ, ನಿಮ್ ತಾತ. ಅವ್ನೂ ನನ್ನಂಗೇ. ಒಂದಿನ ಮಧ್ಯಾನ ಉಳ್ತಾ ಉಳ್ತಾ, 'ಯಾಕೋ ಸುಸ್ತಾಯ್ತದೆ ಮಗ, ಒಸಿ ಕೂತ್ಕತೀನಿ, ನೀನ್ ಇಡ್ಕೊ' ಅಂತ ನೇಗ್ಲು ನನ್ ಕೈಗ್ ಕೊಟ್ಟ. ಬದಿನ್ ಮ್ಯಾಲೆ ಕೂತ್ಕಂಡ. ನಾನು ಒಂದ್ ಸುತ್ತು ಒಡ್ಕೊಂಡ್ ಬರೋ ಅಷ್ಟ್ರಲ್ಲಿ..." ಮಾವ ಕ್ಯಾಪನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿದರು. "ಕೂತ್ರೆ ಏನೋ ಭಯ ಆಯ್ತದೆ ಕಣವ್ವ. ಅವತ್ತಿಂದ್ಲೂ ಅಂಗೇ. ಇವ್ಳಿಗೆ ಏಳಿಲ್ಲ. ಏಳುದ್ರೆ ಅವ್ಳೂ ಎದ್ರಕತಾಳೆ."

ಇಷ್ಟು ವರ್ಷ ನಾವು ನಕ್ಕದ್ದೇನು, ಅಣಕಿಸಿದ್ದೇನು! "ಅತ್ತೆಗೆ ಹೇಳಿ ಮಾವ" ಎಂದಷ್ಟೇ ಅಂದೆ.

ಮಾವ ನಿಧಾನವಾಗಿ ನಡೆದು ಅತ್ತೆಯ ಮುಂದೆ ಹೋಗಿ ನಿಂತರು. ಏನು ಹೇಳಿದರೋ ದೂರಕ್ಕೆ ಕೇಳಲಿಲ್ಲ. ಅತ್ತೆ ತಲೆಯೆತ್ತಿ ಬಹಳ ಹೊತ್ತು ಅವರನ್ನು ನೋಡಿದರು. ಆಮೇಲೆ ಎದ್ದು, ಅಷ್ಟು ಜನರೆದುರಿಗೇ ಅವರ ತೋಳು ಹಿಡಿದುಕೊಂಡು ದೋಣಿಯ ಕಡೆಗೆ ಬಂದರು.

ಅದು ಇಬ್ಬರು ಕುಳಿತು ಕಾಲಲ್ಲಿ ತುಳಿಯುವ ದೋಣಿ. ಅತ್ತೆ ಮೊದಲು ಕುಳಿತರು. ಮಾವ ಒಂದು ಕಾಲು ದಂಡೆಯಲ್ಲಿ, ಒಂದು ಕಾಲು ದೋಣಿಯಲ್ಲಿಟ್ಟು, ಯಾವ ಕಡೆಗೂ ಸಲ್ಲದೆ ಒಂದು ಗಳಿಗೆ ತೂಗಾಡಿದರು. ಆಮೇಲೆ ಕಣ್ಣು ಮುಚ್ಚಿಕೊಂಡು ಕುಳಿತರು. ಕುಳಿತೇಬಿಟ್ಟರು! ಮಗಳು ನನ್ನ ತೋಳು ಚಿವುಟಿ, "ಅಕ್ಕ, ಅಪ್ಪ ಕೂತವ್ರೆ!" ಎಂದು ಪಿಸುಗುಟ್ಟಿದಳು. ಕುಳಿತ ಮರುಕ್ಷಣವೇ ಮಾವ ಏತ ತುಳಿಯುವವರಂತೆ ದಡದಡ ತುಳಿಯತೊಡಗಿದರು. ದೋಣಿ ಕೆರೆಯ ನಡುವೆ ಹೋಗಿ ಬುಗುರಿಯಂತೆ ಸುತ್ತಿತು. ಅತ್ತೆ ಅವರ ಮೊಣಕಾಲಿನ ಮೇಲೆ ಕೈಯಿಟ್ಟದ್ದು ಕಾಣಿಸಿತು. ಕಾಲು ನಿಂತಿತು. ದೋಣಿಯೂ ನಿಂತಿತು.

ಸ್ವಲ್ಪ ಹೊತ್ತಿನಲ್ಲಿ ಮಾವನ ತಲೆ ಮೆಲ್ಲಗೆ ವಾಲಿ ಅತ್ತೆಯ ಹೆಗಲಿಗೆ ಬಂತು. ನನ್ನ ಎದೆ ಧಸಕ್ಕೆಂದಿತು. ಅತ್ತೆಗೂ ಹಾಗೇ ಆಗಿರಬೇಕು; ಅಂಗೈಯನ್ನು ಅವರ ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಕೈ ಇಳಿಸಿ, ಬಿಸಿಲು ಮುಖಕ್ಕೆ ಬೀಳದಂತೆ ಸೆರಗನ್ನು ಮರೆಮಾಡಿ ಹಿಡಿದರು. ನಿದ್ದೆ. ಬರೀ ನಿದ್ದೆ. ನೀರಿನ ಮೇಲೆ, ಹಾಡಹಗಲಿನಲ್ಲಿ, ಮಗುವಿನಂಥ ನಿದ್ದೆ.

ಹೊತ್ತು ಮುಗಿಯಿತೆಂದು ದೋಣಿಯವನು ಸೀಟಿ ಊದಿದ. ಅತ್ತೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಊದಬೇಡ ಎಂದು ಸನ್ನೆ ಮಾಡಿದರು. ಅವನು ನಮ್ಮ ಮುಖ ನೋಡಿದ. ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಕೊನೆಗೆ ಅವನೇ ಇನ್ನೊಂದು ದೋಣಿಯಲ್ಲಿ ಸದ್ದಿಲ್ಲದೆ ಹೋಗಿ, ಹಗ್ಗ ಕಟ್ಟಿ, ನಿಧಾನವಾಗಿ ಎಳೆದುಕೊಂಡು ಬಂದ. ದಂಡೆಗೆ ತಾಗಿದ ಅಲುಗಾಟಕ್ಕೆ ಮಾವ ದಡಬಡಿಸಿ ಎದ್ದು, "ಹಗ್ಗ ಇತ್ಲಾಗ್ ಕೊಡಯ್ಯಾ, ನಾನ್ ಎಳೀತೀನಿ!" ಎಂದು ಕೆಳಗೆ ಹಾರಿದರು.

ಅತ್ತೆಯ ಕೈಹಿಡಿದು ಇಳಿಸಿಕೊಂಡೆ. ಒಂದೇ ಭಂಗಿಯಲ್ಲಿ ಕುಳಿತು ಅವರ ಹೆಗಲು ಮರಗಟ್ಟಿಹೋಗಿತ್ತು.

"ಇಷ್ಟು ವರ್ಷ ಕಾದು ಕೂತಿರಿ, ಅವರು ನೋಡಿದರೆ ಮಲಗಿಬಿಟ್ಟರು. ಒಂದು ಮಾತೂ ಆಡಲಿಲ್ಲವಲ್ಲ ಅತ್ತೆ?" ಎಂದೆ.

ಅತ್ತೆ ಹೆಗಲು ನೀವಿಕೊಳ್ಳುತ್ತ ನಕ್ಕರು.

"ಎಲ್ಲಾ ಮಾತಾಡ್ಕೊಂಡೊ ಬುಡವ್ವ."