ಸಮುದ್ರಕ್ಕೆ ಎರಡನೇ ಬಾಗಿಲು

ತಿಮಿಂಗಿಲವೊಂದು ಟಿವಿಯ ಎಡತುದಿಯಿಂದ ಬಲತುದಿಗೆ ನಿಧಾನವಾಗಿ ಈಜಿಕೊಂಡು ಹೋಯಿತು. ಅದರ ಬಾಲ ಮರೆಯಾಗುವಷ್ಟರಲ್ಲಿ ನನ್ನ ತೋಳಿಗೆ ಸುತ್ತಿದ್ದ ರಕ್ತದೊತ್ತಡದ ಪಟ್ಟಿ ಬಿಗಿದು, ಸಡಿಲಾಗಿ, ಕೀಂ ಎಂದಿತು. ಹೆಂಡತಿ ಯಂತ್ರದ ಅಂಕಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ನೂರ ಅರವತ್ತೆಂಟು. ಆಟ ಶುರು ಮಾಡೋಕೆ ಮುಂಚೆ ನೂರ ಐವತ್ತಿತ್ತು. ರೀ, ಏನು ಮಾಡ್ತಿದ್ದೀರಿ ನೀವು?"

"ವಿಶ್ರಾಂತಿ ತಗೊಳ್ತಾ ಇದ್ದೀನಿ," ಎಂದೆ.

ವಿಶ್ರಾಂತಿ ನನಗೆ ಸರಕಾರಿ ಖರ್ಚಿನಲ್ಲಿ ಬರೆದುಕೊಟ್ಟ ಔಷಧ. ನಾನು ಅಗ್ನಿ ಸುರಕ್ಷತಾ ತಪಾಸಕ. ಗೋದಾಮು, ಆಸ್ಪತ್ರೆ, ಬಟ್ಟೆ ಅಂಗಡಿ, ಎಲ್ಲಿಗೆ ಹೋದರೂ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಎರಡನೇ ಬಾಗಿಲು ಎಲ್ಲಿದೆ? ಬೆಂಕಿ ಮೊದಲನೇ ಬಾಗಿಲಲ್ಲಿ ನಿಂತರೆ ಜನ ಓಡಿಹೋಗಲು ಇನ್ನೊಂದು ಬೇಕಲ್ಲ. ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗಲೂ ಕೇಳಿದ್ದೇನೆ. (ಆಮೇಲೆ ಅವರು ಊಟಕ್ಕೆ ಕರೆಯುವುದನ್ನು ಕಡಿಮೆ ಮಾಡಿದರು.) ಕಚೇರಿಯಲ್ಲಿ ನನ್ನ ಅಡ್ಡಹೆಸರೇ 'ಎರಡನೇ ಬಾಗಿಲು'. ಮನೆಯಲ್ಲಿಯೂ ಅದು ಗೊತ್ತಿದೆ, ಬೇಕಾದಾಗ ಬಳಕೆಗೆ ಬರುತ್ತದೆ.

ಈ ವರ್ಷದ ವೈದ್ಯಕೀಯ ಪರೀಕ್ಷೆಯಲ್ಲಿ ನನ್ನ ರಕ್ತದೊತ್ತಡ ನೋಡಿ ಇಲಾಖೆಯ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಈ ಅಂಕಿ ಇಟ್ಟುಕೊಂಡು ಏಣಿ ಹತ್ತುವಂತಿಲ್ಲ, ಮಾಳಿಗೆ ಏರುವಂತಿಲ್ಲ ಎಂದರು. ಒಂದು ತಿಂಗಳ ಅವಕಾಶ ಕೊಟ್ಟರು. ಅಷ್ಟರಲ್ಲಿ ಇಳಿಯದಿದ್ದರೆ ನನ್ನನ್ನು ದಾಖಲೆ ಕೋಣೆಗೆ ಹಾಕುತ್ತಾರೆ. ಕಚೇರಿಯ ನೆಲಮಾಳಿಗೆಯಲ್ಲಿರುವ ಆ ಕೋಣೆಗೆ ಕಿಟಕಿಯಿಲ್ಲ. ಗೋಡೆಯುದ್ದಕ್ಕೂ ಒಣಗಿದ ಕಾಗದ. ಬಾಗಿಲು ಒಂದೇ. ಅದರ ಬಗ್ಗೆ ನಾನೇ ಮೂರು ಸಲ ವರದಿ ಬರೆದಿದ್ದೇನೆ. ಆ ಮೂರು ವರದಿಗಳನ್ನೂ ಅದೇ ಕೋಣೆಯಲ್ಲಿ ಇಟ್ಟಿದ್ದಾರೆ.

"ಮಾತ್ರೆ ಜೊತೆಗೆ ಮನಸ್ಸಿಗೂ ಏನಾದರೂ ಬೇಕು," ಎಂದಿದ್ದರು ಡಾಕ್ಟರಮ್ಮ. "'ತಿಳಿನೀರು' ಅಂತ ಒಂದು ವಿಡಿಯೋ ಗೇಮ್ ಇದೆ. ನೀರೊಳಗೆ ಸುಮ್ಮನೆ ಈಜ್ತಾ ಹೋಗೋದು, ಮೀನು ನೋಡೋದು, ಅಷ್ಟೇ. ಕ್ಲಿನಿಕ್ ಮುಚ್ಚಿ ಮನೆಗೆ ಹೋದ ಮೇಲೆ ನಾನೂ ದಿನಾ ಆಡ್ತೀನಿ. ಅದಿಲ್ಲದಿದ್ದರೆ ನನಗೆ ನಿದ್ದೆನೇ ಇಲ್ಲ."

ಕಾಲೇಜಿಗೆ ಹೋಗುವ ಮಗಳು ಅಂದೇ ಆಟವನ್ನು ಟಿವಿಗೆ ಜೋಡಿಸಿದಳು. ಆಡುವವರಿಗೊಂದು ಹೆಸರು ಬೇಕಂತೆ. ನನ್ನನ್ನು ಕೇಳದೆ 'ಎರಡನೇ ಬಾಗಿಲು' ಎಂದು ಒತ್ತಿದಳು.

ನಾನು ಯಾವ ಜಾಗಕ್ಕೂ ಪೂರ್ವಾಪರ ವಿಚಾರಿಸದೆ ಕಾಲಿಡುವವನಲ್ಲ. ಮೊದಲು ಆಟದ ಪುಟದಲ್ಲಿ ಆಡಿದವರು ಬರೆದ ಅಭಿಪ್ರಾಯಗಳನ್ನು ಓದಿದೆ. ಒಬ್ಬರು ಆಮೆಯ ಬೆನ್ನ ಹಿಂದೆ ಈಜುತ್ತಾ ಅತ್ತುಬಿಟ್ಟರಂತೆ. ಒಬ್ಬರಿಗೆ ಹಲ್ಲುನೋವು ಮರೆತೇಹೋಯಿತಂತೆ. ಒಬ್ಬರ ನಾಯಿ ಈ ಆಟ ಹಾಕಿದರಷ್ಟೇ ಮಲಗುತ್ತದಂತೆ. ನೂರಾರು ಜನ, ಎಲ್ಲರಿಗೂ ನೆಮ್ಮದಿ. ಓದುತ್ತಾ ಹೋದಂತೆ ನನ್ನ ಅಂಗೈ ಬೆವರಿತು. ನಾಯಿಗೂ ಸಿಕ್ಕಿದ್ದು ನನಗೆ ಸಿಗದಿದ್ದರೆ ಏನು ಗತಿ?

ಸಿಗಲಿಲ್ಲ. ಧುಮುಕಿದ ಕೂಡಲೇ ನಾನು ಪರದೆಯ ನಾಲ್ಕು ಮೂಲೆಗಳನ್ನೂ ನೋಡಿದೆ.

"ಸಿಲಿಂಡರಲ್ಲಿ ಗಾಳಿ ಎಷ್ಟಿದೆ ಅಂತ ಎಲ್ಲಿ ತೋರಿಸುತ್ತೆ?"

"ತೋರಿಸಲ್ಲ ಅಪ್ಪ. ಈ ಆಟದಲ್ಲಿ ಗಾಳಿ ಮುಗಿಯೋದೇ ಇಲ್ಲ," ಎಂದಳು ಮಗಳು.

"ಮುಗಿಯಲ್ಲ ಅಂತ ಹೇಳಿದ್ದು ಯಾರು?"

"ಆಟ ಮಾಡಿದವರು."

"ಕಟ್ಟಡ ಕಟ್ಟಿದವರೂ ಹಾಗೇ ಹೇಳ್ತಾರೆ."

"ಅಪ್ಪ, ಇಲ್ಲಿ ಯಾರೂ ಸಾಯಲ್ಲ. ಸಾಯೋಕೆ ಆಗೋದೇ ಇಲ್ಲ. ನೀನು ಬೇಕು ಅಂದ್ರೂ ಆಗಲ್ಲ."

ಈ ಭರವಸೆ ನನ್ನನ್ನು ಇನ್ನಷ್ಟು ಕಂಗೆಡಿಸಿತು. ಅಪಾಯವೇ ಇಲ್ಲ ಎಂದು ಹೇಳಿದ ಜಾಗಗಳಲ್ಲೇ ನಾನು ಅತಿ ಹೆಚ್ಚು ಅಪಾಯ ಕಂಡಿರುವುದು. ಕೆಳಗೆ ಇಳಿದೆ. ಹಳದಿ ಮೀನುಗಳು ಬಂದವು, ಹೋದವು. ಹವಳದ ಕಾಡು ತೂಗುತ್ತಿತ್ತು. ಎಲ್ಲಿಂದಲೋ ಕೊಳಲಿನಂಥ ಸಂಗೀತ. ನನ್ನ ಕಿವಿ ಗುಂಯ್‌ಗುಡತೊಡಗಿತು, ಕಣ್ಣ ಮುಂದೆ ಚುಕ್ಕೆಗಳು ಕಂಡವು.

"ರೀ, ಉಸಿರಾಡಿ," ಎಂದಳು ಹೆಂಡತಿ.

ಅವಳು ದಂತವೈದ್ಯರ ಬಳಿ ಸಹಾಯಕಿ. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದವರಿಗೆ ದಿನವಿಡೀ ಇದನ್ನೇ ಹೇಳುತ್ತಾಳೆ. ಆಗಲೇ ನನಗೆ ತಿಳಿದದ್ದು: ಪರದೆಯ ಮೇಲಿನ ಈಜುಗಾರ ನೀರಿನೊಳಗಿದ್ದಷ್ಟು ಹೊತ್ತೂ ಸೋಫಾದ ಮೇಲಿನ ನಾನು ಉಸಿರು ಹಿಡಿದಿದ್ದೆ.

ಅಂದಿನಿಂದ ಅದೇ ಕ್ರಮವಾಯಿತು. ನಾನು ಧುಮುಕುವುದು, ನನ್ನ ಉಸಿರು ಕಟ್ಟುವುದು, ಈಜುಗಾರನನ್ನು ಮೇಲಕ್ಕೆ ತಂದು ನಾವಿಬ್ಬರೂ ಒಟ್ಟಿಗೆ ಗಾಳಿ ಎಳೆದುಕೊಳ್ಳುವುದು. ಅಷ್ಟು ದೊಡ್ಡ ಸಮುದ್ರದಲ್ಲಿ ನಾನು ನೋಡಿದ್ದು ಬಹುಪಾಲು ಆಕಾಶ.

ಕೆಳಗೊಂದು ಮುಳುಗಿದ ಹಡಗಿತ್ತು. ಅದರೊಳಗೆ ಹೋದವರು ಬೆಳಕು ಸೂಸುವ ಮೀನುಗಳನ್ನು ಕಂಡು ಮೂಕರಾದರೆಂದು ಅಭಿಪ್ರಾಯಗಳಲ್ಲಿ ಬರೆದಿತ್ತು. ನಾನು ಹಡಗನ್ನು ಸುತ್ತು ಹಾಕಿ ನೋಡಿದೆ. ಒಳಗೆ ಹೋಗಲು ಒಂದೇ ದಾರಿ.

"ಹೋಗಪ್ಪ ಒಳಗೆ," ಎಂದಳು ಮಗಳು.

"ಹೊರಗೆ ಬರೋದು ಹೇಗೆ?"

"ಹೋದ ದಾರೀಲೇ."

ನಾನು ಅವಳ ಮುಖ ನೋಡಿದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಆಡುವ ಮಾತೇ ಇದು?

ಹಿಂದಿನ ಕುರ್ಚಿಯಿಂದ ಅತ್ತೆ, ಎಂದರೆ ಹೆಂಡತಿಯ ತಾಯಿ, ಕೈ ಚಾಚಿದರು. "ಇಲ್ಲಿ ಕೊಡಿ ಅಳಿಯಂದಿರೇ ಆ ರಿಮೋಟು. ಆಗ್ಲಿಂದ ಬಾಗಿಲಲ್ಲೇ ನಿಂತಿದ್ದೀರಿ. ಹಿಂದೆ ಬರೋರಿಗೆ ತೊಂದರೆ."

ಅತ್ತೆ ನಿವೃತ್ತ ಬಸ್ ಕಂಡಕ್ಟರ್. ಬದುಕಿನ ಬಹುಭಾಗವನ್ನು ತುಂಬಿದ ಬಸ್ಸಿನಲ್ಲಿ ನಿಂತೇ ಕಳೆದವರು. ಅದರ ಫಲವಾಗಿ ಈಗ ಮಂಡಿನೋವು, ಅರೆನಿದ್ದೆ, ಮತ್ತು ಮನೆಯಲ್ಲಿ ನಡೆಯುವ ಪ್ರತಿಯೊಂದರ ಬಗ್ಗೆ ಒಂದು ಅಭಿಪ್ರಾಯ. ರಿಮೋಟನ್ನು (ಅದು ರಿಮೋಟಲ್ಲ, ಆಟದ ಕಂಟ್ರೋಲರ್, ಆದರೆ ಅವರನ್ನು ತಿದ್ದಿದವರು ಈ ಮನೆಯಲ್ಲಿಲ್ಲ) ತೊಡೆಯ ಮೇಲಿಟ್ಟುಕೊಂಡು ಎರಡೂ ಹೆಬ್ಬೆರಳಿನಿಂದ ಒತ್ತಿದರು. ಈಜುಗಾರ ಸರ್ರನೆ ಹಡಗಿನೊಳಗೆ ಹೋದ. ಒಳಗೆ ಕಿಕ್ಕಿರಿದ ಮೀನು.

"ಮುಂದೆ ಹೋಗಿ, ಮುಂದೆ ಹೋಗಿ," ಎಂದರು ಅತ್ತೆ ಮೀನುಗಳಿಗೆ. "ಮಧ್ಯದಲ್ಲಿ ಜಾಗ ಖಾಲಿ ಇದೆ."

ಮೀನುಗಳು ಮುಂದೆ ಹೋದವು.

ಅಂದಿನಿಂದ ಸಮುದ್ರ ಅವರದಾಯಿತು. ಮಧ್ಯಾಹ್ನ ಪೂರ್ತಿ ಈಜುತ್ತಿದ್ದರು. ಮಂಡಿಯ ಮಾತು ನಿಂತಿತು. ಅಡುಗೆಯ ಉಪ್ಪಿನ ವಿಮರ್ಶೆ ನಿಂತಿತು. ರಾತ್ರಿ ಅವರ ಕೋಣೆಯಿಂದ ಕೆಮ್ಮಿನ ಬದಲು ಗೊರಕೆ ಕೇಳತೊಡಗಿತು. ಹೆಂಡತಿ ಅವರ ತೋಳಿಗೂ ಪಟ್ಟಿ ಸುತ್ತಿ ನೋಡಿದಳು. ನೂರ ಹದಿನೆಂಟು.

"ನೋಡಿ, ಅಮ್ಮನ್ನ ನೋಡಿ ಕಲೀರಿ," ಎಂದಳು.

ನೋಡುವುದೇ ನನಗೆ ಆಗುತ್ತಿರಲಿಲ್ಲ. ಅತ್ತೆ ಕತ್ತಲ ಗುಹೆಗಳಿಗೆ ನುಗ್ಗುತ್ತಿದ್ದರು, ಪಾತಾಳಕ್ಕೆ ಇಳಿಯುತ್ತಿದ್ದರು. "ಅತ್ತೆ, ಅಲ್ಲಿ ಬೇಡ. ಅತ್ತೆ, ತಿರುಗೋಕೆ ಜಾಗ ಇಲ್ಲ. ಅತ್ತೆ, ಮೇಲೆ ಬಂದು ತುಂಬಾ ಹೊತ್ತಾಯ್ತು," ಎಂದು ಪಕ್ಕದಲ್ಲಿ ಕೂತು ನಾನು ಉಸಿರು ಹಿಡಿಯುತ್ತಿದ್ದೆ. ಆಡಿದರೂ ಏರುತ್ತಿತ್ತು, ನೋಡಿದರೂ ಏರುತ್ತಿತ್ತು. ಪರೀಕ್ಷೆಯ ದಿನ ಹತ್ತಿರ ಬರುತ್ತಿತ್ತು. ಕನಸಿನಲ್ಲಿ ನಾನು ದಾಖಲೆ ಕೋಣೆಯಲ್ಲಿ ಕೂತಿರುತ್ತಿದ್ದೆ, ಬಾಗಿಲ ಸಂದಿಯಿಂದ ನೀರು ಒಳಬರುತ್ತಿತ್ತು.

ಒಂದು ಭಾನುವಾರ ತಡೆಯಲಾಗಲಿಲ್ಲ. ಆಟದ ಪುಟ ತೆರೆದು, ಆ ನೂರಾರು ನೆಮ್ಮದಿಯ ಅಭಿಪ್ರಾಯಗಳ ಕೆಳಗೆ ನನ್ನದನ್ನೂ ಬರೆದೆ. ನನಗೆ ಬರೆಯಲು ಬರುವುದು ಒಂದೇ ಬಗೆ:

'ಸದರಿ ಸಮುದ್ರವನ್ನು ಖುದ್ದಾಗಿ ಪರಿಶೀಲಿಸಲಾಗಿ, ಮುಳುಗಿದ ಹಡಗಿಗೆ ಒಂದೇ ನಿರ್ಗಮನ ದ್ವಾರವಿದ್ದು, ಅದರ ಎದುರು ಆಕ್ಟೋಪಸ್ ಒಂದು ಕಾಯಂ ವಾಸವಿರುವುದು ಕಂಡುಬಂದಿರುತ್ತದೆ. ಗುಹೆಗಳಲ್ಲಿ ತುರ್ತು ದೀಪಗಳಿರುವುದಿಲ್ಲ. ಮೀನುಗಳ ಸ್ವಂತ ಬೆಳಕನ್ನು ತುರ್ತು ದೀಪವೆಂದು ಪರಿಗಣಿಸಲು ಬರುವುದಿಲ್ಲ. ಈಜುಗಾರನ ಗಾಳಿಯ ಮಟ್ಟ ತೋರಿಸುವ ಮಾಪಕವಾಗಲಿ, ಎಚ್ಚರಿಕೆಯ ಗಂಟೆಯಾಗಲಿ ಇರುವುದಿಲ್ಲ. ಆದುದರಿಂದ ಸದರಿ ಸಮುದ್ರಕ್ಕೆ ನಿರಾಕ್ಷೇಪಣಾ ಪತ್ರ ನೀಡಲು ಅವಕಾಶವಿರುವುದಿಲ್ಲ.'

ಬರೆದು ಮುಗಿಸಿ ಕುರ್ಚಿಗೆ ಒರಗಿದಾಗ ಮೈಯೆಲ್ಲ ಹಗುರವಾಗಿತ್ತು. ಹೆಂಡತಿ ಪಟ್ಟಿ ಸುತ್ತಿದಳು, ಅಂಕಿ ನೋಡಿದಳು, ಯಂತ್ರವನ್ನು ಅಲ್ಲಾಡಿಸಿ ಇನ್ನೊಮ್ಮೆ ನೋಡಿದಳು.

"ನೂರ ಇಪ್ಪತ್ತಾರು. ಏನು ಮಾಡಿದ್ರಿ?"

"ಆಟದ್ದೇ ಒಂಚೂರು ಕೆಲಸ," ಎಂದೆ.

ಔಷಧ ಸಿಕ್ಕಿತ್ತು. ಆಮೇಲೆ ದಿನಕ್ಕೊಂದು ವರದಿ ಬರೆದೆ. ಹವಳದ ಚೂಪು ಅಂಚುಗಳ ಬಗ್ಗೆ, ಕಡಲಕಂದಕಕ್ಕೆ ಕಟಕಟೆ ಇಲ್ಲದ್ದರ ಬಗ್ಗೆ, ಈಜುಗಾರ ಒಬ್ಬಂಟಿಯಾಗಿರುವುದರ ಬಗ್ಗೆ. ಅಂಕಿ ಇಳಿಯುತ್ತಾ ಹೋಯಿತು. ಕೆಳಗೆ ಜನ ಪ್ರತಿಕ್ರಿಯೆ ಬರೆಯತೊಡಗಿದರು: ಇಷ್ಟು ನಕ್ಕು ವರ್ಷಗಳಾದವು, ಯಾರಪ್ಪ ಇವರು, ಇನ್ನೂ ಬರೆಯಿರಿ. ನನಗೆ ಸ್ವಲ್ಪ ಬೇಸರವಾಯಿತು. ಅದರಲ್ಲಿ ನಗುವಂಥ ಒಂದು ಸಾಲೂ ಇರಲಿಲ್ಲ.

ಪರೀಕ್ಷೆ ಸೋಮವಾರ. ಅದರ ಹಿಂದಿನ ಶನಿವಾರ ಮಧ್ಯಾಹ್ನ ಅತ್ತೆ ಎಂದಿನಂತೆ ಧುಮುಕಿದರು. ಸ್ವಲ್ಪ ಹೊತ್ತಿಗೆ ಟಿವಿ ಕುಂಯ್ ಕುಂಯ್ ಎಂದು ಕೂಗಿಕೊಂಡಿತು.

"ಏನೇ ಇದು? ಮೂಲೇಲಿ ಕೆಂಪಗೆ ಏನೋ ಮಿಣುಕ್ತಿದೆ?"

ಮಗಳು ಬಗ್ಗಿ ನೋಡಿದಳು. "ಅಜ್ಜಿ, ಗಾಳಿ ಮುಗೀತಿದೆ. ಮೇಲೆ ಬಾ."

"ಗಾಳಿ ಮುಗಿಯಲ್ಲ ಅಂದಿದ್ದೆ?"

"ಇವತ್ತಿಂದ ಮುಗಿಯುತ್ತೆ. ಆಟಾನ ಬದಲಾಯಿಸಿದ್ದಾರೆ."

ಹಡಗಿಗೆ ಇನ್ನೊಂದು ಬಾಗಿಲು ಬಂದಿತ್ತು. ಅದರ ಮೇಲೆ ಹಸಿರು ದೀಪದ ಫಲಕ. ಕಂದಕಕ್ಕೆ ಕಟಕಟೆ. ಆಕ್ಟೋಪಸ್ ಅನ್ನು ಬೇರೆಡೆಗೆ ಸ್ಥಳಾಂತರಿಸಿದ್ದರು. ಅತ್ತೆ ಆ ಮಧ್ಯಾಹ್ನ ಹತ್ತಾರು ಸಲ ಮೇಲೆ ಬಂದರು, ಪ್ರತಿಸಲವೂ ಏದುಸಿರು ಬಿಡುತ್ತಾ. ಕೊನೆಗೆ ರಿಮೋಟನ್ನು ಸೋಫಾದ ಮೇಲೆ ಎಸೆದರು. ಹೆಂಡತಿ ಪಟ್ಟಿ ತಂದಳು. ನೂರ ಐವತ್ತನಾಲ್ಕು.

"ಅದನ್ನ ತೆಗೆಸೇ," ಎಂದರು ಅತ್ತೆ ಮೊಮ್ಮಗಳಿಗೆ.

"ಆಗಲ್ಲ ಅಜ್ಜಿ. ಅವರೇ ಮತ್ತೆ ಬದಲಾಯಿಸಬೇಕು."

"ಯಾವ ಪುಣ್ಯಾತ್ಮನ ಕೆಲಸ ಇದು?"

ಮಗಳು ಫೋನಿನಲ್ಲಿ ಕಂಪನಿಯ ಪ್ರಕಟಣೆ ತೆಗೆದು ಗಟ್ಟಿಯಾಗಿ ಓದಿದಳು. "'ನಮ್ಮ ಸಮುದ್ರವನ್ನು ಇಷ್ಟು ಕಾಳಜಿಯಿಂದ ನೋಡಿದ ಆಟಗಾರರೊಬ್ಬರ ಸಲಹೆಗಳನ್ನು ಜಾರಿಗೆ ತಂದಿದ್ದೇವೆ. ಅವರಿಗೆ ನಮ್ಮ ಹೃತ್ಪೂರ್ವಕ ಧನ್ಯವಾದ. ಅವರ ಹೆಸರು...'" ಅಲ್ಲಿಗೆ ನಿಲ್ಲಿಸಿದಳು.

ಹೆಸರು ಓದುವ ಅಗತ್ಯ ಬೀಳಲಿಲ್ಲ. ನಾನು ಆಗಲೇ ಎದ್ದಿದ್ದೆ.

(ನಮ್ಮ ಮನೆಯ ಹಜಾರಕ್ಕೆ ಎರಡು ಬಾಗಿಲು. ಅದನ್ನು ನೋಡಿಯೇ ಈ ಮನೆ ಹಿಡಿದದ್ದು. ಅಂದು ಒಂದು ಬಾಗಿಲಲ್ಲಿ ಅತ್ತೆಯ ಕುರ್ಚಿಯಿತ್ತು, ಅದರಲ್ಲಿ ಅತ್ತೆಯಿದ್ದರು. ಇನ್ನೊಂದರಲ್ಲಿ ಹೆಂಡತಿ ಪಟ್ಟಿ ಹಿಡಿದು ನಿಂತಿದ್ದಳು.)

"ಅಳಿಯಂದಿರೇ," ಎಂದರು ಅತ್ತೆ ಬಹಳ ಮೆಲ್ಲಗೆ. "ಇಷ್ಟು ವರ್ಷ ಜನರನ್ನ ತುಂಬ್ಕೊಂಡು ಓಡಾಡಿದ್ದೀನಿ. ನನ್ನ ಬಸ್ಸಲ್ಲಿ ಯಾರಿಗಾದ್ರೂ ಉಸಿರು ಕಟ್ಟಿತ್ತಾ?"

ಭಾನುವಾರ ಮನೆಯಲ್ಲಿ ಉಪ್ಪಿನ ವಿಮರ್ಶೆ ಮತ್ತೆ ಆರಂಭವಾಯಿತು, ರಾತ್ರಿ ಕೆಮ್ಮು. ಸೋಮವಾರ ನಾನು ಹೊರಡುವಾಗ ಹೆಂಡತಿ, "ಅಮ್ಮನ್ನೂ ಕರ್ಕೊಂಡು ಹೋಗಿ. ಏರಿಸಿದ್ದು ನೀವು, ತೋರಿಸೋದೂ ನೀವೇ," ಎಂದಳು.

ಡಾಕ್ಟರಮ್ಮನ ಕೋಣೆಗೆ ಎರಡು ಬಾಗಿಲಿವೆ. ಅದನ್ನು ಗಮನಿಸಿ ನಾನು ಸಮಾಧಾನದಿಂದ ಕೂತೆ, ಅತ್ತೆ ಪಕ್ಕದಲ್ಲಿ ಕೂತರು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕ್ಲಿನಿಕ್ ಕಟ್ಟಡದ ವರದಿ ಬರೆದುಕೊಂಡು ಬಂದಿದ್ದೆ. ನಾಡಿ ನನ್ನ ಮಾತು ಕೇಳುತ್ತಿತ್ತು. ಡಾಕ್ಟರಮ್ಮನ ಕಣ್ಣುಗಳು ಮಾತ್ರ ಕೆಂಪಗಿದ್ದವು. ಪಟ್ಟಿ ಸುತ್ತಿ ಗುಂಡಿ ಒತ್ತಿದರು.

"ಆಟ ಆಡಿದ್ರಾ?"

"ಆಡಿದೆ ಮೇಡಂ. ತುಂಬಾ ಉಪಯೋಗ ಆಯ್ತು."

"ನನ್ನ ಪಾಲಿಗೆ ಅದು ಮುಗೀತು," ಎಂದರು. "ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಕಣ್ಣು ಮುಚ್ಚಿದ್ರೆ ಕುಂಯ್ ಕುಂಯ್ ಅನ್ನುತ್ತೆ. ಯಾವನೋ ಕೆಲಸವಿಲ್ಲದವನು ದೂರು ಕೊಟ್ಟನಂತೆ. ಎರಡನೇ ಬಾಗಿಲು ಅಂತೆ ಹೆಸರು. ಕೈಗೆ ಸಿಕ್ಕಿದ್ರೆ..."

ಪಟ್ಟಿ ಬಿಗಿಯುತ್ತಿತ್ತು. ನಾನು ಅತ್ತೆಯ ಕಡೆ ನೋಡಲಿಲ್ಲ. ನೋಡದೆಯೂ ಅವರು ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದ್ದು ತಿಳಿಯಿತು.

"ಕೈಗೆ ಸಿಕ್ಕಿದ್ದಾರೆ ಡಾಕ್ಟ್ರೇ," ಎಂದರು ಅತ್ತೆ. "ನೀವು ಹಿಡ್ಕೊಂಡಿರೋದು ಅವರ ತೋಳೇ."

ಯಂತ್ರ ಕೀಂ ಎಂದಿತು. ನೂರ ಎಪ್ಪತ್ತೊಂದು. ಡಾಕ್ಟರಮ್ಮ ಪಟ್ಟಿ ಬಿಚ್ಚಿದರು.

"ಸರಿಯಾಗಿ ಬಂದಿಲ್ಲವೇನೋ, ಇನ್ನೊಂದ್ಸಲ ನೋಡಿಬಿಡಿ," ಎಂದು ಅತ್ತೆಯೇ ಶಿಫಾರಸು ಮಾಡಿದರು. ಇನ್ನೊಂದು ಸಲ ನೋಡಿದರು. ನೂರ ಎಪ್ಪತ್ತೆಂಟು. ನಂತರ ಅತ್ತೆಯದು ನೋಡಿದರೆ ನೂರ ಇಪ್ಪತ್ತು.

ಬರುವ ಒಂದನೇ ತಾರೀಕಿನಿಂದ ನನಗೆ ದಾಖಲೆ ಕೋಣೆಯಲ್ಲಿ ಕೆಲಸ. ಹೋಗಿ ನೋಡಿಕೊಂಡು ಬಂದಿದ್ದೇನೆ. ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ಹಾಕಿಸಿದ್ದೇನೆ.