ಮಾತು ಕೇಳುವ ಮನೆ

"ಇನ್ನು ಮೇಲೆ ನೀನು ಬಾಯಿ ಬಿಟ್ಟರೆ ಸಾಕು ಮಾರಾಯ್ತಿ! ಮನೆಗೆ ಮನೆಯೇ ನಿನ್ನ ಮಾತು ಕೇಳಬೇಕು, ಹಂಗೆ ಮಾಡ್ತೀನಿ!"

ಬಾಳೆಹೊನ್ನೂರಿನ ಪಂಪ್‌ಸೆಟ್ ಅಂಗಡಿಯ ಕಲ್ಲೇಶ್ ಹೆಂಡತಿಯ ಮಂಚದ ಮುಂದೆ ನಿಂತು ಚಕ್ರವರ್ತಿಯ ಗತ್ತಿನಲ್ಲಿ ಘೋಷಿಸಿದ. ಲಕ್ವ ಹೊಡೆದ ಮೇಲೆ ರಶ್ಮಿಯ ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ನಾಲಿಗೆಯೂ ಸರಿಯಾಗಿ ಹೊರಳದೆ, ಮಾತು ಬಾಯೊಳಗೇ ನಜ್ಜುಗುಜ್ಜಾಗಿ ಹೊರಗೆ ಬರುತ್ತಿತ್ತು. ಅದರ ಮೊನಚು ಮಾತ್ರ ಒಂದು ಚೂರೂ ಕಮ್ಮಿಯಾಗಿರಲಿಲ್ಲ!

ಕೊಪ್ಪದಿಂದ ಎಲೆಕ್ಟ್ರಿಷಿಯನ್ ಶ್ರೀಕಾಂತ ಎರಡು ಬಗೆಯ ವ್ಯವಸ್ಥೆ ತಂದು ಮುಂದಿಟ್ಟ.

"ಈ ಪೆಟ್ಟಿಗೆಗೆ ಬಾಯಲ್ಲಿ ಹೇಳಿದ್ರೆ ಆಯ್ತು ಅಣ್ಣ. ಲೈಟು, ಫ್ಯಾನು, ಟಿವಿ, ಬಾಗ್ಲು, ಎಲ್ಲ ಅದೇ ನೋಡ್ಕೊಳ್ತದೆ. ಇನ್ನೊಂದು ಬರೀ ರಿಮೋಟು. ಕೆಂಪು ಗುಂಡಿ ಒತ್ತಿದ್ರೆ ನಿಮ್ಮ ಮೊಬೈಲಿಗೆ ಫೋನ್ ಬರ್ತದೆ."

ರಶ್ಮಿ ಎಡಗೈಯಿಂದ ರಿಮೋಟ್ ತೋರಿಸಿದಳು.

"ಗುಂಡಿ ಒತ್ತೋದು ಯಾವ ಸೀಮೆ ಸ್ಮಾರ್ಟು! ಅದು ಕಾಲಿಂಗ್ ಬೆಲ್ಲು!" ಎಂದ ಕಲ್ಲೇಶ್.

"ನನ್ನ ಮಾತು ನಿಮಗೇ ತಿಳಿಯಲ್ಲ, ಅದಕ್ಕೆ ತಿಳೀತದಾ?"

"ಅದು ನನ್ನ ಹಂಗಲ್ಲ, ಅದಕ್ಕೆ ಬುದ್ಧಿ ಇದೆ!"

ಶ್ರೀಕಾಂತ ಬಿದ್ದು ಬಿದ್ದು ನಕ್ಕ. ರಶ್ಮಿ ಗೋಡೆಯ ಕಡೆ ತಿರುಗಿಕೊಂಡಳು.

ರಿಮೋಟು ವಾಪಸ್ ಹೋಯಿತು, ಪೆಟ್ಟಿಗೆ ಉಳಿಯಿತು. ಅವಳಿಗೆ ಸುಲಭವಾಗಲೆಂದು, ಹೆಸರು ಹಿಡಿದು ಕರೆಯದಿದ್ದರೂ ಯಾವ ಮಾತಿಗಾದರೂ ಓಗೊಡುವ ಹಾಗೆ ಕಲ್ಲೇಶ್ ಅದನ್ನು ಹೊಂದಿಸಿದ. ಮಂಚದ ಪಕ್ಕದ ಸ್ವಿಚ್ಚು ಕೀಳಿಸಿದ. ಮಧ್ಯಾಹ್ನ ಬಂದು ಕೂರುತ್ತಿದ್ದ ಪಕ್ಕದ ಮನೆಯ ಶ್ರೀವಾಣಿಗೆ, "ನಿಮಗ್ಯಾಕೆ ತೊಂದ್ರೆ, ಇನ್ನು ಮನೇನೇ ನೋಡ್ಕೊಳ್ತದೆ" ಎಂದು ಹೇಳಿ ಬಂದ. ತಾನು "ಲೈಟು!" ಎಂದರೆ ಬೆಳಗುವುದು, "ಫ್ಯಾನು!" ಎಂದರೆ ತಿರುಗುವುದು. ಆಹಾ! ಮದುವೆಯಾದ ಮೇಲೆ ಮೊದಲ ಸಲ ಅವನ ಮಾತು ಮನೆಯಲ್ಲಿ ನಡೆದಿತ್ತು!

ಮರುದಿನ ಸಂಜೆ ಅಂಗಡಿಯಲ್ಲಿ ಗಿರಾಕಿಗಳಿಗೆ ಈ ಪವಾಡವನ್ನು ಬಣ್ಣಿಸುತ್ತಿರುವಾಗಲೇ ಶ್ರೀವಾಣಿಯ ಫೋನು ಬಂತು.

"ಅಣ್ಣ, ಬೇಗ ಬನ್ನಿ! ಬಾಗ್ಲು ಲಾಕಾಗಿದೆ. ಒಳಗೆ ಟಿವಿ ಅರಚ್ಕೊಳ್ತಿದೆ, ಅಕ್ಕ ಅಳ್ತಿರೋ ಹಂಗೆ ಕೇಳ್ತದೆ!"

ಕಲ್ಲೇಶ್ ಬೈಕ್ ಹಾರಿಸಿಕೊಂಡು ಬಂದ. "ಬಾಗಿಲು ತೆಗಿ!" ಎಂದು ಹೊರಗಿನಿಂದ ಆಜ್ಞೆ ಕೊಟ್ಟ. ಬೇಡಿಕೊಂಡ. ಟಿವಿ ಗದ್ದಲದಲ್ಲಿ ಪೆಟ್ಟಿಗೆಗೆ ಏನೂ ಕೇಳಲಿಲ್ಲ. ಮೊಬೈಲಿನಿಂದ ಲಾಕು ತೆಗೆಯೋಣವೆಂದರೆ ಗಾಬರಿಯಲ್ಲಿ ಪಾಸ್‌ವರ್ಡೇ ಮರೆತುಹೋಯಿತು! ಕೊನೆಗೆ ಹಾರೆ ಹಾಕಿ ಮೀಟಿ ತನ್ನ ಮನೆಯ ಬಾಗಿಲನ್ನು ತಾನೇ ಮುರಿದ.

ಒಳಗೆ ಕತ್ತಲೆ. ಫ್ಯಾನು ಭರ್ರೆಂದು ತಿರುಗುತ್ತಿತ್ತು.

"ಟಿವಿ ಆಫ್! ಫ್ಯಾನ್ ಆಫ್! ಲೈಟ್ ಆನ್!"

ಪೆಟ್ಟಿಗೆ ವಿಧೇಯ ಶಿಷ್ಯನಂತೆ ಮೂರನ್ನೂ ಮಾಡಿತು. ಆ ಬೆಳಕಿನಲ್ಲಿ ರಶ್ಮಿ ಕಂಡಳು. ರಗ್ಗು ನೆಲಕ್ಕೆ ಬಿದ್ದಿತ್ತು. ಚಳಿಗೆ ತುಟಿ ಬಿಳಿಚಿ, ಹಾಸಿಗೆಯೆಲ್ಲ ಒದ್ದೆಯಾಗಿತ್ತು. ಅವಳು ಕಣ್ಣು ಮುಚ್ಚಿಕೊಂಡಳು.

ಶ್ರೀವಾಣಿ ಒಣಬಟ್ಟೆ ತಂದಿಟ್ಟು ಹೊರಗೆ ಹೋದಳು. ಕಲ್ಲೇಶ್ ಹೆಂಡತಿಯ ಸೀರೆ ಬದಲಿಸುತ್ತಿದ್ದಾಗ ನಡೆದದ್ದೆಲ್ಲ ತುಂಡು ತುಂಡಾಗಿ ಹೊರಬಿತ್ತು. ಫ್ಯಾನು ನಿಲ್ಲಿಸು ಎಂದು ಅವಳು ಎಷ್ಟು ಸಲ ಹೇಳಿದರೂ ಅದು ನಿಲ್ಲಿಸಲಿಲ್ಲ, ಟಿವಿ ಹಾಕಿತು. ಧಾರಾವಾಹಿಯ ಅತ್ತೆ "ಬಾಗಿಲು ಹಾಕು! ದೀಪ ಆರಿಸು!" ಎಂದು ಸೊಸೆಗೆ ಗದರಿದಳು. ಸೊಸೆ ಕೇಳಲಿಲ್ಲ. ಪೆಟ್ಟಿಗೆ ಕೇಳಿತು!

"ರಗ್ಗು..." ಎಂದಳು ರಶ್ಮಿ.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ," ಎಂದಿತು ಪೆಟ್ಟಿಗೆ, ಜೇನಿನಂಥ ದನಿಯಲ್ಲಿ.

ಕಲ್ಲೇಶನ ನೆತ್ತಿ ಬಿಸಿಯಾಯಿತು. ವೈರು ಕಿತ್ತು ಪೆಟ್ಟಿಗೆಯನ್ನು ತಲೆಯ ಮೇಲೆತ್ತಿದ.

"ಇದನ್ನ ಭದ್ರಾ ಹೊಳೆಗೆ ಎಸೆದು ಬರ್ತೀನಿ!"

"ಬೇಡ, ಇರ್ಲಿ ಬಿಡಿ," ರಶ್ಮಿ ಎಡಗೈ ಚಾಚಿ ತಡೆದಳು.

"ಇಷ್ಟೆಲ್ಲ ಮಾಡಿದ ಮೇಲೂ ಇದು ಬೇಕಾ ನಿಂಗೆ?"

ರಶ್ಮಿಯ ಸೊಟ್ಟಗಾದ ತುಟಿ ನಗಲು ಹೆಣಗಿತು.

"ತಪ್ಪು ಮಾಡಿದಾಗ ಅದು ಕ್ಷಮಿಸಿ ಅಂತಾದ್ರೂ ಅಂತದೆ. ಇಷ್ಟು ವರ್ಷದಲ್ಲಿ ಈ ಮನೇಲಿ ಆ ಮಾತು ಕೇಳಿದ್ದು ನಾನು ಇದೇ ಮೊದಲು."