ಹಸಿರು ಅಂದರೆ ಹಸಿರು ಅನ್ನಬೇಕು

ನಮ್ಮ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಳ್ಳಲು ಲೈಸೆನ್ಸ್ ಒಂದಿದ್ದರೆ ಸಾಲದು, ಗಂಟಲೂ ಗಟ್ಟಿಯಿರಬೇಕು!

ಮಾವ ಎಂದರೆ ನಮ್ಮಮ್ಮನ ಅಣ್ಣ. ರೈಲು ಓಡಿಸಿ ನಿವೃತ್ತರಾದವರು. ಬೆಸೆಂಟ್ ನಗರದಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ನಾನು ಶೋಳಿಂಗನಲ್ಲೂರಿನ ಆಫೀಸಿಗೆ ಹೊರಡುವ ಹೊತ್ತಿಗೆ ಹೆಲ್ಮೆಟ್ ಹಾಕಿಕೊಂಡು, ಚೀಲ ಹಿಡಿದು ನಮ್ಮ ಗೇಟಿನ ಬಳಿ ನಿಂತಿರುತ್ತಾರೆ. ತಿರುವಾನ್ಮಿಯೂರಿನವರೆಗೆ ನನ್ನೊಡನೆ ಬಂದು, ಸೊಪ್ಪು ತರಕಾರಿ ಕೊಂಡು, ಬಸ್ಸಿನಲ್ಲಿ ವಾಪಸು ಹೋಗುತ್ತಾರೆ. ಬೆಸೆಂಟ್ ನಗರದಲ್ಲಿ ತರಕಾರಿ ಸಿಗುವುದಿಲ್ಲವೇ? ಧಾರಾಳವಾಗಿ ಸಿಗುತ್ತದೆ. ಕೇಳಿದರೆ, "ಇಂಜಿನ್ನಲ್ಲಿ ಯಾವತ್ತೂ ಇಬ್ರು ಇರ್ಬೇಕು ಕಣಮ್ಮಾ. ನಿನ್ನೊಬ್ಳನ್ನೇ ಹೆಂಗೆ ಬಿಡೋದು?" ಎನ್ನುತ್ತಾರೆ.

ರೈಲಿನಲ್ಲಿ ಒಂದು ಪದ್ಧತಿಯಿದೆ. ಸಿಗ್ನಲ್ ಕಂಡ ಕೂಡಲೇ ಇಂಜಿನ್ನಿನಲ್ಲಿರುವ ಇಬ್ಬರಲ್ಲಿ ಒಬ್ಬರು ಅದರ ಬಣ್ಣವನ್ನು ಕೂಗಿ ಹೇಳಬೇಕು. ಇನ್ನೊಬ್ಬರು ತಾವೂ ನೋಡಿ, ಅದನ್ನೇ ತಿರುಗಿ ಹೇಳಬೇಕು. ಎಲ್ಲರೂ ನಿವೃತ್ತರಾದಾಗ ಇಂಥದ್ದನ್ನು ಆಫೀಸಿನಲ್ಲೇ ಬಿಟ್ಟು ಬರುತ್ತಾರೆ. ನಮ್ಮ ಮಾವ ಮನೆಗೆ ತಂದರು.

"ಕೆಂಪು!"

"ಕೆಂಪು, ಮಾವ."

"ಹಸಿರು!"

ನಾನು "ಹಸಿರು" ಎನ್ನುವ ತನಕ ಗಾಡಿ ಕದಲುವಂತಿಲ್ಲ. ಒಮ್ಮೆ ಹಟಕ್ಕೆ ಬಿದ್ದು ಬಾಯಿ ಮುಚ್ಚಿಕೊಂಡು ಕೂತೆ. ಅವರು ನನ್ನ ಭುಜವನ್ನು ಬ್ರೇಕಿನಂತೆ ಹಿಡಿದರು. "ಹಸಿರು!" ಮತ್ತೆ, "ಹಸಿರು!" ಹಿಂದೆ ಹಾರ್ನುಗಳ ಮೇಳವೇ ಶುರುವಾಯಿತು. ಪಕ್ಕದ ಆಟೋದವನು ತಲೆ ಹೊರಗೆ ಹಾಕಿ, "ಪಚ್ಚೈನ್ನು ಪೆರಿಯವರ್ ಸೊಲ್ರಾರ್ ಇಲ್ಲ, ಪೋಮ್ಮಾ!" ಎಂದು ಕೂಗಿದ. ಹಿರಿಯರು ಹಸಿರು ಅಂತಿದ್ದಾರಲ್ಲ, ಹೋಗಮ್ಮಾ ಎಂದು! ಸಿಗ್ನಲ್ ಅವನ ಕಣ್ಣೆದುರಿಗೇ ಇತ್ತು. ಆದರೂ ಅವನು ಸಾಕ್ಷಿಗೆ ಕರೆದದ್ದು ನಮ್ಮ ಮಾವನನ್ನು.

ಮನೆಯಲ್ಲೂ ಇದೇ ಕಥೆ. "ಹಾಲು ಉಕ್ತಾ ಇದೆ!" ಎಂದು ಕೂಗುತ್ತಾರೆ. ಎದ್ದು ಒಲೆ ಆರಿಸುವುದಿಲ್ಲ. ಅತ್ತೆ "ಉಕ್ತಾ ಇದೆ" ಎಂದು ತಿರುಗಿ ಹೇಳುವುದನ್ನು ಕಾಯುತ್ತಾರೆ. ಅಷ್ಟು ಹೊತ್ತು ಹಾಲು ಕಾಯುತ್ತದೆಯೇ?

"ಮದುವೆಯಾದಾಗಿಂದ ನಾನು ಈ ಮನೇಲಿ ಅಸಿಸ್ಟೆಂಟ್ ಡ್ರೈವರು ಕಣೇ. ಒಂದು ಪ್ರಮೋಷನ್ ಇಲ್ಲ" ಎಂದು ಅತ್ತೆ ಒಲೆ ಒರೆಸುತ್ತಾರೆ. ಅಂಥ ದಿನ ನಾನು ಹೋದರೆ ಮಾವ ಬಾಗಿಲಲ್ಲೇ ತಡೆದು ಪಿಸುಗುಡುತ್ತಾರೆ: "ಹಳದಿ. ನಿಧಾನಕ್ಕೆ ಒಳಗೆ ಬಾ."

ಇಂಥ ಮಾವ ತಮ್ಮ ಸರ್ವಿಸಿನಲ್ಲಿ ಹೆದರಿದ್ದು ಒಂದಕ್ಕೇ, ಕಣ್ಣಿನ ಪರೀಕ್ಷೆಗೆ. ಅದರಲ್ಲಿ ಫೇಲಾದರೆ ಇಂಜಿನ್ನಿನಿಂದ ಇಳಿಸಿ ಮೇಜಿನ ಮುಂದೆ ಕೂರಿಸುತ್ತಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ಮನೆಯಲ್ಲಿ ಮೂರು ಹೊತ್ತೂ ಹೊನಗೊನ್ನೆ ಸೊಪ್ಪು. ಪಲ್ಯ, ಸಾರು, ಕೊನೆಗೆ ದೋಸೆಗೂ ಅದೇ! ಕಣ್ಣಿಗೆ ಒಳ್ಳೆಯದೆಂದು ಅವರ ನಂಬಿಕೆ. ಕೆಲವು ತಿಂಗಳಿಂದ ಅವರ ಚೀಲದಲ್ಲಿ ಮತ್ತೆ ಆ ಸೊಪ್ಪೇ ಕಾಣುತ್ತಿತ್ತು.

"ಈಗ್ಯಾವ ಪರೀಕ್ಷೆ ಮಾವ?" ಎಂದು ನಕ್ಕೆ. ಅವರು ನಗಲಿಲ್ಲ. ಅದನ್ನು ಗಮನಿಸಿದೆ. ಗಮನಿಸಿ ಸುಮ್ಮನಾದೆ.

ಹೋದ ತಿಂಗಳು ಒಂದು ಸೋಮವಾರ. ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ. ಬಿಸಿಲು ಎದುರಿಗಿತ್ತು. ನನ್ನ ತಲೆಯೊಳಗೆ ಆಗಲೇ ಹತ್ತು ಗಂಟೆಯ ಮೀಟಿಂಗ್ ನಡೆಯುತ್ತಿತ್ತು. ಹಿಂದಿನಿಂದ "ಹಸಿರು!" ಎಂದು ಕೇಳಿಸಿತು. ನಾನು "ಹಸಿರು" ಎಂದೆ. ನೋಡಲಿಲ್ಲ. ಬರೀ ಅಂದೆ. ಮುಂದೆ ಹೋದೆ. ನೀರಿನ ಲಾರಿಯೊಂದು ನಮ್ಮ ಮುಂದಿನ ಚಕ್ರಕ್ಕೆ ಒಂದು ಗೇಣು ಬಿಟ್ಟು ಹಾದುಹೋಯಿತು. ಅದರಿಂದ ಚಿಮ್ಮಿದ ನೀರು ನನ್ನ ಮೊಣಕೈಗೆ ಬಿತ್ತು. ತಣ್ಣಗಿತ್ತು. ಆಮೇಲೆ ತಲೆಯೆತ್ತಿದೆ. ಸಿಗ್ನಲ್ ಕೆಂಪಗಿತ್ತು. ಅದರ ಪಕ್ಕದಲ್ಲೇ ಔಷಧಿ ಅಂಗಡಿಯೊಂದರ ಹಸಿರು ದೀಪ ಹೊಳೆಯುತ್ತಿತ್ತು.

ಗಾಡಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿದೆ. ಮಾವ ಇಳಿದು, ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು.

"ನಾಳೆಯಿಂದ ನೀನೊಬ್ಳೇ ಹೋಗಮ್ಮಾ."

"ತಪ್ಪು ನಂದು ಮಾವ. ನಾನು ನೋಡ್ಲೇ ಇಲ್ಲ."

"ನೀನು ನೋಡ್ಲಿಲ್ಲ. ನಾನು ನೋಡಿದೆ," ಎಂದರು. "ನೋಡಿಯೂ ಹಸಿರು ಅಂದೆನಲ್ಲ."

ಮರುದಿನ ಗೇಟಿನ ಬಳಿ ಯಾರೂ ಇರಲಿಲ್ಲ. ಅದರ ಮರುದಿನವೂ ಇಲ್ಲ. ಹಾಲು ಉಕ್ಕಿದರೂ ಮಾವ ಕೂಗುತ್ತಿಲ್ಲ ಎಂದು ಅತ್ತೆ ಫೋನಿನಲ್ಲಿ ಅತ್ತರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿಕೊಳ್ಳಿ ಎಂದು ಡಾಕ್ಟರು ಹೇಳಿ ಎಷ್ಟೋ ದಿನವಾಗಿತ್ತಂತೆ. ಪರೀಕ್ಷೆಯಲ್ಲಿ ಫೇಲಾದ ಸುದ್ದಿಯನ್ನು ಮಾವ ಯಾರಿಗೂ ಹೇಳಬೇಡವೆಂದಿದ್ದರಂತೆ.

ಶನಿವಾರ ಬೆಳಿಗ್ಗೆ ನಾನೇ ಅವರ ಗೇಟಿನ ಮುಂದೆ ಹೋಗಿ ನಿಂತೆ, ಅವರ ಹೆಲ್ಮೆಟ್ ಹಿಡಿದುಕೊಂಡು. "ಹತ್ತಿ ಮಾವ. ಕಣ್ಣಾಸ್ಪತ್ರೆ." ಎರಡು ಸಲ ಬೇಡ ಎಂದರು. ಮೂರನೆಯ ಸಲ ಹತ್ತಿ ಕೂತರು. ಅದೇ ಸಿಗ್ನಲ್ ಬಂತು.

"ಕೆಂಪು, ಮಾವ," ಎಂದೆ. ಕನ್ನಡಿಯಲ್ಲಿ ಅವರು ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದರು. ನಿಂತೆವು. ದೀಪ ಬದಲಾಯಿತು. ಈ ಸಲ ಸರಿಯಾಗಿ ನೋಡಿದೆ.

"ಹಸಿರು!"

ಹಿಂದೆ ಹಾರ್ನುಗಳು ಶುರುವಾದವು. ನಾನು ಗಾಡಿ ಕದಲಿಸಲಿಲ್ಲ.

"ಮಾವ, ಹಸಿರು!"

"ಹೋಗಮ್ಮಾ, ಬೈತಾರೆ," ಎಂದು ಗೊಣಗಿದರು.

"ಹಸಿರು, ಮಾವ."

ಆಗ ಭುಜದ ಮೇಲೊಂದು ಕೈ ಬಂದು ಕೂತಿತು.

"ಹಸಿರು," ಎಂದರು, ನನಗೊಬ್ಬಳಿಗೇ ಕೇಳುವಷ್ಟು.

ಹೊರಟೆವು.